ಓಡಿದರೆ ಮಾತ್ರ ಕಾಯುವ ಗಾಡಿ

ಎರಡು ತಿಂಗಳಲ್ಲಿ ಮೂರನೆಯ ಸಲ ಮುತ್ತುರಾಜುವಿನ ಗಾಡಿ ಬಾನೆಟ್ಟಿನ ಸಂದಿಯಿಂದ ಹಬೆ ಬಿಡುತ್ತಾ ತನ್ನ ಅಂಗಡಿಯ ಮುಂದೆ ಬಂದು ನಿಂತಾಗ ಕಮಲಾಕ್ಷಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಸಿಟ್ಟು ಮುತ್ತುರಾಜುವಿನ ಮೇಲಲ್ಲ, ಆ ಗಾಡಿಯ ಮೇಲೆ. ಮೊದಲ ಸಲ ಬಂದಾಗ ಅದರ ರೇಡಿಯೇಟರನ್ನು ಬಿಚ್ಚಿ, ಒಳಗೆ ಕಟ್ಟಿದ್ದ ಸುಣ್ಣವನ್ನೆಲ್ಲ ತೆಗೆದು, ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗಾಳಿ ತುಂಬಿ ನೋಡಿ, ಒಂದು ಗುಳ್ಳೆಯೂ ಬಾರದ ಮೇಲೆ ತಾನೇ ಕೂರಿಸಿ ಕಳಿಸಿದ್ದಳು. ಎರಡನೆಯ ಸಲ ಬಿಚ್ಚಿದಾಗ ಒಳಗೆ ತೊಳೆದಿಟ್ಟ ಪಾತ್ರೆಯ ಹಾಗಿತ್ತು.

ಮುತ್ತುರಾಜು ಇಳಿದು ಬಂದ. ಹಿಂದಿನ ಸೀಟಿನಲ್ಲಿ ಪಾಪಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಳು. ಪಾವಗಡ ಕಡೆಯ ವಳ್ಳೂರಿನ ಹೆಂಗಸು, ವಯಸ್ಸು ಐವತ್ತರ ಮೇಲೆ. ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ಅವಳನ್ನು ಮಧುಗಿರಿಯ ಡಯಾಲಿಸಿಸ್ ಕೇಂದ್ರಕ್ಕೆ ಕರೆತಂದು, ನಾಲ್ಕು ಗಂಟೆ ಕಾದು, ವಾಪಸು ಕರೆದುಕೊಂಡು ಹೋಗುವುದು ಮುತ್ತುರಾಜುವಿನ ಕೆಲಸ.

"ಅಕ್ಕ, ಇದೊಂದ್ಸಲ ಬಿಚ್ಚಿ ತೊಳ್ದುಬುಡಿ. ನಾಳೆ ಬೆಳಿಗ್ಗೆ ಲಕ್ಷ್ಮೀಪತಿ ಹೆಡ್ ಬಿಚ್ತೀನಿ ಅಂದವ್ನೆ. ಗ್ಯಾಸ್ಕೆಟ್ ಹೋಗೈತಂತೆ. ಹೆಡ್ ಬಿಚ್ಚುದ್ರೆ ಒಂದು ವಾರ ಗಾಡಿ ನಿಂತೋಯ್ತದೆ. ಪಾಪಕ್ಕನ್ನ ಬಸ್ಸಲ್ಲಿ ಹೆಂಗೆ ಕರ್ಕೊಂಡು ಬರ್ಲಿ?"

ಲಕ್ಷ್ಮೀಪತಿ ಅಲ್ಲಿಂದ ನಾಲ್ಕು ಅಂಗಡಿ ಆಚೆ ಗ್ಯಾರೇಜು ಇಟ್ಟುಕೊಂಡಿದ್ದವನು. ಇಂಜಿನ್ ಕೆಲಸವೆಲ್ಲ ಅವನದು, ರೇಡಿಯೇಟರ್ ಮಾತ್ರ ಕಮಲಾಕ್ಷಮ್ಮನದು. ಆ ಗಡಿಯನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಒಂಬತ್ತು ವರ್ಷದಲ್ಲಿ ಯಾರೂ ದಾಟಿರಲೂ ಇಲ್ಲ.

"ಮೊದ್ಲು ಪಾಪಕ್ಕನ್ನ ಆಟೋದಲ್ಲಿ ಕಳ್ಸು. ಅವ್ರ ಟೈಮ್ ತಪ್ಪಬಾರ್ದು" ಎಂದಳು ಕಮಲಾಕ್ಷಮ್ಮ.

ಪಾಪಕ್ಕ ಆಟೋ ಹತ್ತುವಾಗ ನಿಂತು, "ಏಮಮ್ಮಾ, ಈ ಬಂಡಿ ನಂಗಿಂತ ಜಾಸ್ತಿ ನೀರು ಕುಡೀತೈತೆ. ನಂಗೆ ಡಾಕ್ಟ್ರು ದಿನಕ್ಕೆ ಎರಡು ಲೋಟ ಅಂತ ಹೇಳವ್ರೆ, ಇದುಕ್ಕೆ ಯಾರೂ ಹೇಳೋರಿಲ್ಲ" ಎಂದು ನಕ್ಕಳು. ಮುತ್ತುರಾಜು ನಗಲಿಲ್ಲ.

ಅಂಗಡಿಯ ಒಳಗೆ, ಕೈಯಿರುವ ಮರದ ಕುರ್ಚಿಯಲ್ಲಿ ಶಂಕರಲಿಂಗಪ್ಪ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಕಮಲಾಕ್ಷಮ್ಮನ ಗಂಡ. ಅಂಗಡಿ ಶುರುಮಾಡಿದವನೇ ಅವನು. ಶಿರಾ, ಕೊರಟಗೆರೆ ಕಡೆಯಿಂದೆಲ್ಲ ಅವನ ಬೆಸುಗೆ ಹುಡುಕಿಕೊಂಡು ಲಾರಿಯವರು ಬರುತ್ತಿದ್ದ ಕಾಲವಿತ್ತು. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಹಾಗೇ ಕುಸಿದ. ಪ್ರಾಣ ಉಳಿಯಿತು, ಮಾತೂ ನಿಧಾನವಾಗಿ ಮರಳಿತು. ಬಲಗೈ ಮಾತ್ರ ಮರಳಲಿಲ್ಲ.

ಆಗ ನೆಂಟರೆಲ್ಲ ಸೇರಿ ಅಂಗಡಿ ಮುಚ್ಚಿ ಬಾಡಿಗೆಗೆ ಕೊಡಿ ಎಂದರು. ಬೇಕರಿಯವನೊಬ್ಬ ಅಳತೆಯನ್ನೂ ಮಾಡಿಕೊಂಡು ಹೋದ. ಕಮಲಾಕ್ಷಮ್ಮ ಯಾರಿಗೂ ಎದುರಾಡಲಿಲ್ಲ. ಮರುದಿನ ಗಂಡನ ಹಳೆಯ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಸೆರಗನ್ನು ಒಳಗೆ ಸಿಕ್ಕಿಸಿ, ಬೀಗ ತೆಗೆದು, ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, "ಹೇಳ್ಕೊಡಿ" ಎಂದಳು. ಇಪ್ಪತ್ತು ವರ್ಷ ಮಧ್ಯಾಹ್ನದ ಊಟ ತಂದುಕೊಟ್ಟು, ಅವನು ಉಣ್ಣುವ ತನಕ ಕಾಯುತ್ತಾ ನೋಡಿದ್ದ ಕೆಲಸ. ನೋಡುವುದಕ್ಕೂ ಮಾಡುವುದಕ್ಕೂ ಇರುವ ದೂರ ಅವತ್ತು ತಿಳಿಯಿತು. ಅವಳು ಬೆಸುಗೆ ಹಾಕಿದ ಮೊದಲ ರೇಡಿಯೇಟರು ತೊಟ್ಟಿಯಲ್ಲಿ ಮುಳುಗಿಸಿದರೆ ನಾಲ್ಕು ಕಡೆ ಗುಳ್ಳೆ ಬಿಟ್ಟಿತು. ಶಂಕರಲಿಂಗಪ್ಪ ಬೈದ. ಅವಳು ಅತ್ತಳು, ಆಮೇಲೆ ನಾಲ್ಕನ್ನೂ ಮುಚ್ಚಿದಳು.

ವರ್ಷಗಳು ಕಳೆದಂತೆ ರೇಡಿಯೇಟರನ್ನು ನೋಡಿಯೇ ಗಾಡಿ ಎಲ್ಲಿ ಓಡಾಡುತ್ತದೆಂದು ಹೇಳುವಷ್ಟಾದಳು. ಪಾವಗಡ ಕಡೆಯ ಬೋರ್‌ವೆಲ್ ನೀರು ಕುಡಿದದ್ದರಲ್ಲಿ ಬಿಳಿ ಸುಣ್ಣ, ಮದಲೂರು ಕೆರೆಯ ನೀರು ಹಾಕಿದ್ದರಲ್ಲಿ ನುಣ್ಣನೆ ಕೆಸರು. ಆದರೆ ಇಂಜಿನ್ನಿನ ವಿಷಯಕ್ಕೆ ಅವಳು ಬಾಯಿ ಹಾಕುತ್ತಿರಲಿಲ್ಲ. ಗಾಡಿಯವರು ಬಂದು ರೇಡಿಯೇಟರ್ ತೊಳೆಯಿರಿ ಎಂದರೆ ತೊಳೆಯುತ್ತಿದ್ದಳು, ಅಷ್ಟೆ.

ಇವತ್ತು ಸ್ಪ್ಯಾನರ್ ಕೈಗೆತ್ತಿಕೊಂಡವಳು ಅದನ್ನು ಹಾಗೇ ಬೆಂಚಿನ ಮೇಲೆ ಇಟ್ಟಳು.

"ನಾನು ಬಿಚ್ಚಲ್ಲ ಕಣಪ್ಪ. ತಪ್ಪು ರೇಡಿಯೇಟರಲ್ಲಿಲ್ಲ."

"ಅದುಕ್ಕೇ ಲಕ್ಷ್ಮೀಪತಿ ಗ್ಯಾಸ್ಕೆಟ್ ಅಂತವ್ನೆ" ಎಂದ ಶಂಕರಲಿಂಗಪ್ಪ ಒಳಗಿನಿಂದ. "ಸರ್ಯಾಗೇ ಹೇಳವ್ನೆ. ನಾನು ಇಂಥವು ನೂರು ನೋಡಿವ್ನಿ."

ಗಿರಾಕಿಯ ಮುಂದೆ ಗಂಡನ ಮಾತಿಗೆ ಎದುರು ಹೇಳಿ ಕಮಲಾಕ್ಷಮ್ಮನಿಗೆ ಅಭ್ಯಾಸವಿರಲಿಲ್ಲ. ಆದರೆ ಎರಡನೆಯ ಸಲ ಗಾಡಿ ಬಂದು ಹೋದಾಗಿನಿಂದ ಒಂದು ಸಂಶಯ ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೊನೆಗೆ ಮುತ್ತುರಾಜುವಿನ ಕಡೆ ತಿರುಗಿ ಕೇಳಿದಳು:

"ಯಾವಾಗ ಕಾಯ್ತದೆ? ಪೇಟೇಲಿ ನಿಂತ್ಕೊಂಡಾಗ್ಲಾ, ರೋಡಲ್ಲಿ ಓಡೋವಾಗ್ಲಾ?"

ಮುತ್ತುರಾಜು ಯೋಚಿಸಿದ. "ಪೇಟೇಲಿ ಏನೂ ಆಗಲ್ಲ ಅಕ್ಕ. ಪಾವಗಡ ಬಸ್‌ಸ್ಟ್ಯಾಂಡಲ್ಲಿ ಅರ್ಧ ಗಂಟೆ ಸ್ಟಾರ್ಟಲ್ಲೇ ಇಟ್ಟಿದ್ರೂ ಹೀಟಿನ ಮುಳ್ಳು ಅಲ್ಲಾಡಲ್ಲ. ಮಿಡಿಗೇಶಿ ಹತ್ರ ಬರ್ತಾ ನೆಟ್ಟಗೆ ರೋಡು ಸಿಕ್ತದಲ್ಲ, ಎಂಬತ್ತರಲ್ಲಿ ಹೋಯ್ತಿದ್ರೆ ಏರಕ್ಕೆ ಶುರುವಾಯ್ತದೆ. ನಲವತ್ತಕ್ಕೆ ಇಳಿಸುದ್ರೆ ಅದೂ ಇಳೀತದೆ."

"ಇದುನ್ನ ಲಕ್ಷ್ಮೀಪತಿಗೆ ಹೇಳ್ದಾ?"

"ಕೇಳ್ನಿಲ್ಲ ಅವ್ನು. ಕಾಯ್ತದೆ ಅಂದೆ, ಅಷ್ಟೇಯ."

ಕಮಲಾಕ್ಷಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಫ್ಯಾನು ಕೆಟ್ಟಿದ್ದರೆ ಗಾಡಿ ನಿಂತಲ್ಲಿ ಕಾಯಬೇಕು, ಓಡುವಾಗ ಎದುರುಗಾಳಿಗೆ ತಣ್ಣಗಾಗಬೇಕು. ಇದು ಅದಕ್ಕೆ ಪೂರಾ ಉಲ್ಟಾ. ಇನ್ನು ಗ್ಯಾಸ್ಕೆಟ್ಟು, ಇಂಜಿನ್ನಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಬಿಗಿದಿರುವ ಹಾಳೆ. ಅದು ಹೋಗಿದ್ದರೆ ಇಂಜಿನ್ನಿನ ಒಳಗಿನ ಗಾಳಿ ಒತ್ತಿಕೊಂಡು ನೀರಿಗೆ ನುಗ್ಗಬೇಕು, ನೀರಿನಲ್ಲಿ ಗುಳ್ಳೆ ಏಳಬೇಕು. ಗುಳ್ಳೆ ನೋಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇಂಜಿನ್ ತಣಿಯಲು ಮುಕ್ಕಾಲು ಗಂಟೆ ಕಾದರು. ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು, ಕಂಠದ ತನಕ ನೀರು ತುಂಬಿ, ಮುತ್ತುರಾಜುವಿಗೆ ಸ್ಟಾರ್ಟ್ ಮಾಡಲು ಹೇಳಿದಳು. ಬಗ್ಗಿ ಆ ಸಣ್ಣ ಬಾಯಿಯಲ್ಲಿ ಕಣ್ಣು ನೆಟ್ಟು ನಿಂತಳು. ಮೊದಲು ಎರಡು ಮೂರು ಗುಳ್ಳೆ ಎದ್ದು ಒಡೆದವು, ಸಿಕ್ಕಿಕೊಂಡಿದ್ದ ಗಾಳಿ. ಆಮೇಲೆ ಐದು ನಿಮಿಷ, ಹತ್ತು ನಿಮಿಷ, ನೀರು ಕನ್ನಡಿಯ ಹಾಗೆ ಸುಮ್ಮನಿತ್ತು. ಆಯಿಲ್ ಮುಚ್ಚಳ ತೆಗೆದು ನೋಡಿದಳು. ನೀರು ಸೇರಿದ್ದರೆ ಹಾಲಿನ ಕೆನೆಯಂಥದ್ದು ಅಂಟಿರಬೇಕಿತ್ತು. ಬರೀ ಕಪ್ಪು ಎಣ್ಣೆ.

"ಗ್ಯಾಸ್ಕೆಟ್ ಅಲ್ಲ ರೀ" ಎಂದಳು, ತಲೆಯೆತ್ತದೆ.

ಶಂಕರಲಿಂಗಪ್ಪ ಕುರ್ಚಿಯಿಂದಲೇ ಕತ್ತು ಚಾಚಿ ನೋಡಿದ.

ಹಾಗಾದರೆ ನಿಂತಾಗ ಸರಿಯಾಗಿ ಹರಿಯುವ ನೀರು ಓಡುವಾಗ ಯಾಕೆ ಹರಿಯುವುದಿಲ್ಲ? ಜೋರಾಗಿ ಓಡಿದಾಗ ಬದಲಾಗುವುದು ಏನು? ಪಂಪು. ಇಂಜಿನ್ ಜೋರಾದಷ್ಟೂ ಪಂಪು ರೇಡಿಯೇಟರಿನ ಕೆಳಗಿನ ಹೋಸ್ ಪೈಪಿನಿಂದ ನೀರನ್ನು ಜೋರಾಗಿ ಎಳೆಯುತ್ತದೆ. ಆ ಎಳೆತಕ್ಕೆ ಪೈಪೇ ಒಳಕ್ಕೆ ಅಪ್ಪಚ್ಚಿಯಾದರೆ? ಸ್ಟ್ರಾ ಕಡ್ಡಿಯಲ್ಲಿ ಎಳನೀರು ಜೋರಾಗಿ ಹೀರಿದರೆ ಕಡ್ಡಿಯ ಎರಡು ಬದಿಯೂ ಅಂಟಿಕೊಳ್ಳುತ್ತದಲ್ಲ, ಹಾಗೆ.

ಮುಚ್ಚಳ ಹಾಕಿ, ಎಡಚಕ್ರದ ಪಕ್ಕ ಗೋಣಿಚೀಲ ಹಾಸಿ ಕೂತು, ಸಂದಿಯಿಂದ ಕೆಳಪೈಪಿನತ್ತ ನೋಡುತ್ತಾ ಕೂಗಿದಳು, "ಒತ್ತು ಆಕ್ಸಿಲೇಟರು!"

ಇಂಜಿನ್ ಗುಡುಗಿತು. ಪೈಪು ಹೇಗಿತ್ತೋ ಹಾಗೇ ಇತ್ತು. "ಇನ್ನೂ!" ಎಂದಳು. ಹೊಗೆ ಬಂತು, ಅಕ್ಕಪಕ್ಕದ ಅಂಗಡಿಯವರು ಇಣುಕಿದರು. ಪೈಪು ಕದಲಲಿಲ್ಲ.

ಸದ್ದಿಗೆ ಲಕ್ಷ್ಮೀಪತಿಯೂ ಬಂದ. ಅವನದು ಕೆಟ್ಟ ಮನಸ್ಸಲ್ಲ, ಬಾಯಿ ಸ್ವಲ್ಪ ಚುರುಕು. "ಏನಕ್ಕ, ರೇಡಿಯೇಟರ್ ಬುಟ್ಟು ಇಂಜಿನ್‌ಗೂ ಕೈ ಹಾಕ್ಬುಟ್ರಾ? ನಾಳೆ ಹೆಂಗೂ ಬಿಚ್ತೀನಲ್ಲ" ಎಂದು ನಗುತ್ತಾ ಒಂದು ನಿಮಿಷ ನಿಂತು ಹೊರಟುಹೋದ.

ಕಮಲಾಕ್ಷಮ್ಮನ ಕಿವಿ ಬಿಸಿಯಾಯಿತು. ಇಂಜಿನ್ ಆಫ್ ಮಾಡಿಸಿ, ಗೋಣಿಚೀಲ ಮಡಿಸಲು ಹೋದವಳು, ಯಾಕೋ ಸಮಾಧಾನವಾಗದೆ, ಬಟ್ಟೆ ಸುತ್ತಿದ ಕೈಯಿಂದ ಆ ಕೆಳಪೈಪನ್ನು ಒಮ್ಮೆ ಅದುಮಿ ನೋಡಿದಳು. ಆಮೇಲೆ ಮೇಲಿನ ಪೈಪನ್ನು ಅದುಮಿದಳು. ಮತ್ತೆ ಕೆಳಗಿನದನ್ನು. ಮೇಲಿನದು ಗಟ್ಟಿಯಾಗಿ ಕೈಗೆ ಎದುರು ನಿಂತಿತು. ಕೆಳಗಿನದು ಅಷ್ಟು ಸ್ವಲ್ಪ ಬಿಸಿಗೇ ಮೆತ್ತಗಾಗಿತ್ತು. ಪೈಪು ಅಪ್ಪಚ್ಚಿಯಾಗದಂತೆ ಒಳಗೆ ಸ್ಪ್ರಿಂಗು ಇರಬೇಕಾದ ಕಡೆ ಬೆರಳಿಗೆ ಏನೂ ಸಿಗಲಿಲ್ಲ.

"ಮುತ್ತಣ್ಣ, ಕೆಳಗಿನ ಪೈಪು ಯಾವಾಗ ಬದ್ಲಾಯಿಸಿದ್ದು?"

"ಯುಗಾದಿ ಆದ್ಮೇಲೆ ಒಡೆದೋಗಿತ್ತು. ಲಕ್ಷ್ಮೀಪತೀನೇ ಹಾಕ್ದ."

"ಗಾಡಿ ಕಾಯೋಕೆ ಶುರುವಾಗಿದ್ದು?"

ಮುತ್ತುರಾಜು ಬೆರಳು ಮಡಿಸಿ ತಿಂಗಳು ಎಣಿಸಿದ. "ಅದಾದ್ಮೇಲೇಯ" ಎಂದ ನಿಧಾನವಾಗಿ.

"ನಾನು ತಣ್ಣಗಿರೋ ಪೈಪು ನೋಡ್ತಾ ಕೂತಿದ್ದೆ. ಅದುಕ್ಕೆ ಸರ್ಯಾಗಿ ಬಿಸಿ ಮುಟ್ಟಬೇಕು. ನಡಿ, ಪಾವಗಡ ರೋಡಲ್ಲಿ ಒಂದತ್ತು ಕಿಲೋಮೀಟ್ರು ಹೊಡಿ. ಮುಳ್ಳು ಏರಕ್ಕೆ ಶುರುವಾದ ತಕ್ಷಣ ಅಲ್ಲೇ ನಿಲ್ಸಿ ನೋಡುವ."

"ನಾನೂ ಬತ್ತೀನಿ" ಎಂಬ ದನಿ ಕೇಳಿ ಇಬ್ಬರೂ ತಿರುಗಿದರು. ಶಂಕರಲಿಂಗಪ್ಪ ಊರುಗೋಲು ಹಿಡಿದು ಎದ್ದು ನಿಂತಿದ್ದ. "ಗ್ಯಾಸ್ಕೆಟ್ ಅಂತ ನಾನೂ ಹೇಳ್ಬುಟ್ಟೆ. ನೋಡ್ಬೇಕಲ್ಲ."

ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ಮಧುಗಿರಿ ಬೆಟ್ಟ ಬೆನ್ನ ಹಿಂದಾಗಿ, ನೇರ ರಸ್ತೆ ಸಿಕ್ಕಿತು. ಎಂಬತ್ತರಲ್ಲಿ ಐದಾರು ಕಿಲೋಮೀಟರು ಹೋಗುವಷ್ಟರಲ್ಲಿ ಮುಳ್ಳು ನಡುವಿನಿಂದ ಮೇಲಕ್ಕೆ ಜರುಗತೊಡಗಿತು. ಮುತ್ತುರಾಜು ಒಂದು ಹೊಂಗೆಮರದ ನೆರಳಿಗೆ ಗಾಡಿ ಎಳೆದು ನಿಲ್ಲಿಸಿದ. ಇಂಜಿನ್ ಆಫ್ ಮಾಡಲಿಲ್ಲ.

ಬಾನೆಟ್ ಎತ್ತಿದರು. ಮಧ್ಯಾಹ್ನದ ಬಿಸಿಲಿಗೆ ಹೊರಗೆಲ್ಲ ಬೆಳ್ಳಗಿದ್ದರೂ ಇಂಜಿನ್ನಿನ ತಳ ಕತ್ತಲು. ಶಂಕರಲಿಂಗಪ್ಪ ಗಾಡಿಗೆ ಒರಗಿ ನಿಂತು, ಎಡಗೈಯಲ್ಲಿ ಮೊಬೈಲಿನ ಟಾರ್ಚು ಹಿಡಿದು ಬೆಳಕನ್ನು ಕೆಳಪೈಪಿನ ಮೇಲೆ ಬಿಟ್ಟ. ಕಮಲಾಕ್ಷಮ್ಮ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಒತ್ತು!"

ಇಂಜಿನ್ನಿನ ದನಿ ಏರಿತು. ಅವಳ ಮುಖಕ್ಕೆ ಬಿಸಿಗಾಳಿ ರಾಚಿ ಕಣ್ಣು ಮುಚ್ಚಿಹೋಯಿತು. ಅಷ್ಟರಲ್ಲಿ ಮೇಲಿಂದ ಗಂಡ ಕೂಗಿದ.

"ಲೇ, ನೋಡೇ, ನೋಡೇ! ಅಂಟ್ಕೊಂತು!"

ಕಣ್ಣು ತೆರೆದಳು. ದುಂಡಗಿದ್ದ ಪೈಪು ನಡುವೆ ಚಪ್ಪಟೆಯಾಗಿತ್ತು. ಯಾರೋ ಎರಡು ಬೆರಳಲ್ಲಿ ಹಿಸುಕಿ ಹಿಡಿದಂತೆ. "ಬುಡು!" ಎಂದಳು. ಮುತ್ತುರಾಜು ಕಾಲು ತೆಗೆದ. ಪೈಪು ಉಬ್ಬಿ ಮೊದಲಿನ ಹಾಗಾಯಿತು. "ಒತ್ತು!" ಮತ್ತೆ ಚಪ್ಪಟೆ. ಮೂರು ಸಲ ಒತ್ತಿಸಿ, ಮೂರು ಸಲ ಬಿಡಿಸಿ ನೋಡಿದಳು. ಮೂರನೆಯ ಸಲ ನೋಡಬೇಕಾದ ಅಗತ್ಯವೇನೂ ಇರಲಿಲ್ಲ. ಸಂತೋಷಕ್ಕೆ ನೋಡಿದಳು.

ಶಂಕರಲಿಂಗಪ್ಪ ಟಾರ್ಚು ಆರಿಸಿ, ಹೆಂಡತಿಯ ಕಡೆ ನೋಡಿ, "ಇಪ್ಪತ್ತು ವರ್ಷ ಮಾಡ್ದೆ ಕಣೇ. ಪೈಪು ಅಂತ ಒಂದಿನ ನೋಡಿರ್ನಿಲ್ಲ" ಎಂದ. ಅವನ ದನಿಯಲ್ಲಿ ನಾಚಿಕೆಯಿತ್ತು, ಅದಕ್ಕಿಂತ ಹೆಚ್ಚಾಗಿ ಅವಳು ಬಹಳ ದಿನದಿಂದ ಕೇಳಿರದ ಉಮೇದು ಇತ್ತು.

ನಲವತ್ತು ದಾಟಿಸದೆ ಗಾಡಿಯನ್ನು ವಾಪಸು ತಂದರು. ಹನ್ನೆರಡು ಇಪ್ಪತ್ತಾಗಿತ್ತು. ಪಾಪಕ್ಕನ ಡಯಾಲಿಸಿಸ್ ಎರಡೂವರೆಗೆ ಮುಗಿಯುತ್ತದೆ. ಮಧುಗಿರಿಯ ಎರಡು ಬಿಡಿಭಾಗದ ಅಂಗಡಿಯಲ್ಲೂ ಆ ಅಳತೆಯ ಸ್ಪ್ರಿಂಗಿನ ಪೈಪು ಇರಲಿಲ್ಲ. ಕಮಲಾಕ್ಷಮ್ಮ ಶಿರಾದಲ್ಲಿ ತಾನು ಸಾಮಾನು ತರಿಸುವ ಅಂಗಡಿಗೆ ಫೋನು ಹಚ್ಚಿದಳು.

"ಐತೆ ಅಕ್ಕ, ಸ್ಪ್ರಿಂಗ್‌ವಾಲಾನೇ ಐತೆ" ಎಂದರು ಅಂಗಡಿಯ ಭಾಯಿ. "ಈಗೊಂದು ಬಸ್ಸು ಹೊರಡ್ತೈತೆ, ಕಂಡಕ್ಟರ್ ಕೈಲಿ ಕೊಡ್ತೀನಿ. ಫಿಕರ್ ಮಾಡ್ಬೇಡಿ."

ಕಾಯುವಾಗ ಅವಳು ಹಳೆಯ ಪೈಪನ್ನು ಬಿಚ್ಚಿ, ನೀರು ಸುರಿದು, ಜೋಡಣೆಯ ಬಾಯಿಗಳನ್ನು ಉಜ್ಜಿ ಒರೆಸಿಟ್ಟಳು. ಬಿಚ್ಚಿದ ಪೈಪನ್ನು ಒಂದು ಕೈಯಲ್ಲಿ ಹಿಡಿದು ಲಕ್ಷ್ಮೀಪತಿಯ ಗ್ಯಾರೇಜಿನ ಕಡೆ ಹೊರಟಳು. ಅವನು ಬೈಕೊಂದರ ಚೈನು ಬಿಗಿಯುತ್ತಿದ್ದ. ಅವಳು ಬೈಯಬೇಕೆಂದೇ ಹೋಗಿದ್ದಳು. ಆದರೆ ನಾಲ್ಕು ಜನ ಗಿರಾಕಿಗಳು ಅಲ್ಲೇ ಕೂತಿದ್ದರು. ಸುಮ್ಮನೆ ಪೈಪನ್ನು ಅವನ ಕೈಗೆ ಕೊಟ್ಟು, "ಅದುಮಿ ನೋಡು" ಎಂದಳಷ್ಟೆ.

ಅವನು ಅದುಮಿದ. ಬಾಯಿಯೊಳಗೆ ಬೆರಳು ಹಾಕಿ ನೋಡಿದ. ಮುಖ ಸಣ್ಣದಾಯಿತು.

"ಅವತ್ತು ಸರಿಯಾದ್ದು ಸಿಗ್ನಿಲ್ಲ ಅಕ್ಕ" ಎಂದ ತಗ್ಗಿದ ದನಿಯಲ್ಲಿ. "ಮುತ್ತುರಾಜು ಬೇರೆ ಅರ್ಜೆಂಟು ಅಂತ ಕೂತಿದ್ದ. ಅಳತೆ ಕೂತ್ಕೊಂತದೆ ಅಂತ ಸ್ಪ್ರಿಂಗಿಲ್ದಿರೋ ಮಾಮೂಲಿ ನೀರಿನ ಪೈಪು ಹಾಕ್ಬುಟ್ಟೆ. ಆಮೇಲೆ ಬದ್ಲಾಯಿಸ್ಬೇಕು ಅಂತಿದ್ದೆ, ಮರ್ತೇಹೋಯ್ತು."

"ನಾಳೆ ಹೆಡ್ ಬಿಚ್ಚಿದ್ರೆ ಗೊತ್ತಾಯ್ತಿತ್ತಾ?"

"ಇಲ್ಲ" ಎಂದು ಅವನು ಒಪ್ಪಿಕೊಂಡ. ತುಸು ತಡೆದು, "ಬಿಚ್ಚಿ, ಗ್ಯಾಸ್ಕೆಟ್ ಹಾಕಿ, ಇದೇ ಪೈಪನ್ನ ವಾಪಸ್ಸು ಹಾಕ್ತಿದ್ದೆ."

ಹಾಗೆ ಒಪ್ಪಿಕೊಂಡವನ ಮೇಲೆ ಸಿಟ್ಟು ಉಳಿಯಲಿಲ್ಲ.

ಬಸ್ಸು ಎರಡು ಗಂಟೆಗೆ ಬಂತು. ಮುತ್ತುರಾಜು ಸ್ಟ್ಯಾಂಡಿನಲ್ಲಿ ಕಾದಿದ್ದು, ಕಾಗದ ಸುತ್ತಿದ ಪೈಪನ್ನು ಓಡುತ್ತಲೇ ತಂದ. ಒಳಗೆ ಬೆರಳಿಟ್ಟರೆ ಸ್ಪ್ರಿಂಗು ಸುರುಳಿ ಸುರುಳಿಯಾಗಿ ಸಿಕ್ಕಿತು. ಕಮಲಾಕ್ಷಮ್ಮ ಹೊಸ ಕ್ಲಿಪ್ಪು ಹಾಕಿ ಬಿಗಿದಳು, ಕೂಲೆಂಟ್ ಬೆರೆಸಿದ ನೀರು ತುಂಬಿದಳು, ಮುಚ್ಚಳ ತೆಗೆದೇ ಇಂಜಿನ್ ಓಡಿಸಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟಳು. "ಇನ್ಮೇಲೆ ಬೋರ್ ನೀರು ಹಾಕಿದ್ರೆ ನನ್ ಹತ್ರ ಬರಬ್ಯಾಡ" ಎಂದು ಮುತ್ತುರಾಜುವಿಗೆ ಎಚ್ಚರಿಕೆ ಕೊಟ್ಟಳು.

ಅಷ್ಟಾದರೂ ಅವಳಿಗೆ ನಂಬಿಕೆ ಸಾಲಲಿಲ್ಲ. ಕೂಡಿಸಿದ ಮೇಲೆ ತೊಟ್ಟಿಯಲ್ಲಿ ಮುಳುಗಿಸಿ ನೋಡದೆ ಯಾವ ಕೆಲಸವನ್ನೂ ಅವಳು ಕೈಯಿಂದ ಬಿಟ್ಟವಳಲ್ಲ. ಇದನ್ನು ಮುಳುಗಿಸುವ ತೊಟ್ಟಿ ಎಂದರೆ ಆ ರಸ್ತೆಯೇ. "ಮಿಡಿಗೇಶಿ ತನ್ಕ ನಾನೂ ಬತ್ತೀನಿ. ಬಸ್ಸಲ್ಲಿ ವಾಪಸ್ ಬತ್ತೀನಿ" ಎಂದಳು. ಶಂಕರಲಿಂಗಪ್ಪ, "ಹೋಗ್ಬಾ, ಅಂಗಡಿ ನಾನು ನೋಡ್ಕೊತೀನಿ" ಎಂದ. ಒಂಬತ್ತು ವರ್ಷದಲ್ಲಿ ಅವನು ಅಂಗಡಿಯಲ್ಲಿ ಒಬ್ಬನೇ ಉಳಿದಿರಲಿಲ್ಲ.

ಪಾಪಕ್ಕ ಡಯಾಲಿಸಿಸ್ ಮುಗಿಸಿ, ಕೈಗೆ ಪಟ್ಟಿ ಸುತ್ತಿಕೊಂಡು, ಸುಸ್ತಾಗಿ ಹೊರಗೆ ಬಂದಳು. ಗಾಡಿಯಲ್ಲಿ ಕಮಲಾಕ್ಷಮ್ಮನನ್ನು ಕಂಡು, "ಏಮಮ್ಮಾ, ನೀನೂ ನಮ್ಮೂರಿಗೆ ಬತ್ತೀಯಾ?" ಎಂದಳು.

"ಗಾಡಿಗೆ ಜ್ವರ ಬಿಟ್ಟೈತಾ ಅಂತ ನೋಡಕ್ಕೆ ಬತ್ತಾ ಇವ್ನಿ."

ಮುಂದಿನ ಸೀಟಿನಲ್ಲಿ ಕೂತ ಕಮಲಾಕ್ಷಮ್ಮ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಹೊಂಗೆಮರ ದಾಟಿತು. ಎಂಬತ್ತು. ಏರು ಬಂತು, ಎದುರಿನಿಂದ ಲಾರಿಗಳು ಸುಯ್ಯೆಂದು ಹೋದವು. ಮುಳ್ಳು ನಡುವಿನ ಗೆರೆಗೆ ಅಂಟಿಸಿದಂತೆ ನಿಂತಿತ್ತು. ಮುತ್ತುರಾಜು ಅವಳ ಕಡೆ ನೋಡಿದ, ಅವಳು ತಲೆಯಾಡಿಸಿದಳು. ಹಿಂದಿನ ಸೀಟಿನಲ್ಲಿ ಪಾಪಕ್ಕ ಆಗಲೇ ನಿದ್ದೆ ಹೋಗಿದ್ದಳು. ಗಾಡಿ ಎಲ್ಲೂ ನಿಲ್ಲದ ಕಾರಣಕ್ಕೆ, ಎರಡು ತಿಂಗಳಲ್ಲಿ ಮೊದಲ ಸಲ, ಹಾಗೆ ನಿಶ್ಚಿಂತೆಯಾಗಿ ಮಲಗಿದ್ದಾಳೆಂದು ಮುತ್ತುರಾಜು ಪಿಸುಗುಟ್ಟಿದ.

ಮಿಡಿಗೇಶಿಯಲ್ಲಿ ಇಳಿದು, ಒಂದು ಟೀ ಕುಡಿದು, ಬಸ್ಸು ಹಿಡಿದು ಅವಳು ಮಧುಗಿರಿ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಅಂಗಡಿಯ ಮುಂದೆ ಕೊರಟಗೆರೆಯ ಟೆಂಪೋ ಒಂದು ನಿಂತಿತ್ತು. ಅದರ ಡ್ರೈವರು ಶಂಕರಲಿಂಗಪ್ಪನ ಎದುರು ಸ್ಟೂಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಲಕ್ಷ್ಮೀಪತಿ. ಅವನೇ ಆ ಗಾಡಿಯನ್ನು ಕರೆತಂದಿದ್ದ.

"ಇದೂ ಹೀಟು ಅಕ್ಕ. ರೇಡಿಯೇಟರ್ ಚೆನ್ನಾಗೈತೆ" ಎಂದ ಲಕ್ಷ್ಮೀಪತಿ, ಕೈ ಒರೆಸುವ ಬಟ್ಟೆಯನ್ನು ಹಿಂಡುತ್ತಾ. "ಬಿಚ್ಚೋಕ್ ಮುಂಚೆ ನೀವು ಒಂದ್ಸಲ ನೋಡ್ಲಿ ಅಂತ."

"ನಾನು ಎಲ್ಲಾ ಕೇಳಿಟ್ಟಿವ್ನಿ" ಎಂದ ಶಂಕರಲಿಂಗಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು. "ಇದು ನಿಂತಾಗ ಕಾಯ್ತದೆ, ಓಡೋವಾಗ ಇಲ್ಲ. ಫ್ಯಾನ್ ಅಂತೀನಿ ನಾನು. ಈ ಸಲ ನಾನೇ ಸರಿ, ನೋಡ್ಕೊ ಬೇಕಾರೆ."

ಕಮಲಾಕ್ಷಮ್ಮ ನಗುತ್ತಾ ಸೆರಗು ಸಿಕ್ಕಿಸಿಕೊಂಡು, ಖಾಕಿ ಅಂಗಿಯ ಗುಂಡಿ ಹಾಕುತ್ತಾ ಟೆಂಪೋದ ಕಡೆ ನಡೆದಳು.